ಬೆಳೆ ಮುಗಿಯುವ ಹೊತ್ತಿಗೆ ಟೊಮೇಟೊ ಬೀಜ ತೆಗೆದಿಡಬೇಕು. ಬೂದಿಯಲ್ಲಿ ಉಜ್ಜಿ ಒಣಗಿಸಿದರೆ ಸಾಲದೇ?

ಬೂದಿಯಲ್ಲಿ ಉಜ್ಜಿದ ಬೀಜವೂ ಹುಟ್ಟುತ್ತದೆ, ಅನುಮಾನ ಬೇಡ. ಆದರೆ ಲೋಳೆ ಪೂರ್ತಿ ಹೋಗದೆ ಬೀಜಕ್ಕೇ ಅಂಟಿ ಒಣಗುತ್ತದೆ. ಮೊಳಕೆ ತಡೆಯುವ ಅಂಶ ಇರುವುದು ಆ ಲೋಳೆಯಲ್ಲೇ. ಅದಕ್ಕೇ ನಾನು ಕೊಳೆಸಿ ತೊಳೆಯಿರಿ ಎನ್ನುವುದು.

ಮೊದಲು ತಳಿ ಯಾವುದೆಂದು ನೋಡಿಕೊಳ್ಳಿ. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಹೈಬ್ರಿಡ್‌ಗಳು. ಅವುಗಳ ಬೀಜ ಹಾಕಿದರೆ ಗಿಡಕ್ಕೊಂದು ಥರದ ಹಣ್ಣು ಬರುತ್ತದೆ. ಅಂಗಡಿಯ ಗಟ್ಟಿ ಹಣ್ಣುಗಳೂ ಬಹುಪಾಲು ಹೈಬ್ರಿಡ್ಡೇ. ಅರ್ಕಾ ವಿಕಾಸ್, ಪೂಸಾ ರೂಬಿ ಅಥವಾ ಹುಳಿ ನಾಟಿ ಟೊಮೇಟೊ ಆದರೆ ಧೈರ್ಯವಾಗಿ ಇಡಬಹುದು. ಟೊಮೇಟೊ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿಕಟ್ಟುವುದರಿಂದ ಪಕ್ಕದ ತಳಿಯ ಜೊತೆ ಬೆರೆಯುವುದು ಕಡಿಮೆ.

ತಿಂದು ಮಾರಿ ಉಳಿದ ಕೊನೆಯ ಪುಡಿ ಹಣ್ಣನ್ನು ಬೀಜಕ್ಕೆ ಬಿಡುವುದು ನನಗೆ ಸರಿಕಾಣುವುದಿಲ್ಲ. ಆರಿಸಬೇಕಾದ್ದು ಗಿಡವನ್ನು, ಹಣ್ಣನ್ನಲ್ಲ. ಎಲೆ ಮುದುರದೆ, ಚುಕ್ಕೆ ಬೀಳದೆ ನಿಂತ ನಾಲ್ಕೈದು ಗಿಡಗಳಿಗೆ ದಾರ ಕಟ್ಟಿ, ಎರಡು-ಮೂರನೇ ಗೊಂಚಲಿನ ಹಣ್ಣನ್ನು ಬಿಟ್ಟುಕೊಳ್ಳಿ. ಬ್ಯಾಕ್ಟೀರಿಯಾದ ಚುಕ್ಕೆ ರೋಗ, ತಂಬಾಕು ಮೊಸಾಯಿಕ್ ವೈರಸ್ ಬೀಜದ ಜೊತೆಗೇ ದಾಟುತ್ತವೆ. ಈಗಾಗಲೇ ಕೊನೆಗೆ ಬಂದಿದ್ದರೆ, ಇದ್ದುದರಲ್ಲಿ ಗಟ್ಟಿಮುಟ್ಟಾದ ಗಿಡದಿಂದ ಪೂರ್ತಿ ಕೆಂಪಗಾಗಿ ಮೆತ್ತಗಾದ ಹಣ್ಣು ಕೀಳಿ.

ಅಡ್ಡಕ್ಕೆ ಕೊಯ್ದು ತಿರುಳು-ಬೀಜವನ್ನು ಗಾಜಿನ ಲೋಟಕ್ಕೆ ಹಿಂಡಿ. ನೀರು ಬೇಡ; ತೀರಾ ಗಟ್ಟಿಯಿದ್ದರೆ ಎರಡು ಚಮಚ ಸಾಕು, ಹೆಚ್ಚಾದರೆ ಬೀಜ ಅದರಲ್ಲೇ ಮೊಳೆಯುತ್ತದೆ. ಮೇಲೊಂದು ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ, ದಿನಕ್ಕೆ ಎರಡು ಸಲ ಕಲಕಿ. ಬೇಸಿಗೆಯಲ್ಲಿ 24ರಿಂದ 36 ಗಂಟೆ, ಚಳಿಯಲ್ಲಿ ಎರಡು-ಮೂರು ದಿನ. ವಾಸನೆ ಬರುತ್ತದೆ, ಅಡುಗೆಮನೆಯಲ್ಲಿ ಇಡಬೇಡಿ. ಮೇಲೆ ಬೂಷ್ಟು ಕಾಣದಿದ್ದರೂ ಬೀಜ ಬೆರಳಿಗೆ ಜಾರದೆ ಒರಟಾಗಿ ಸಿಕ್ಕಿದರೆ ಆಯಿತು. ಅಲ್ಲಿಂದ ಮುಂದೆ ಬಿಟ್ಟರೆ ಬೀಜ ಕಪ್ಪಾಗುತ್ತದೆ, ಮೊಳಕೆ ಒಡೆದುಬಿಡುತ್ತದೆ.

ಈಗ ತುಂಬ ನೀರು ಹಾಕಿ ಕಲಕಿ. ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ಅದನ್ನು ಬಗ್ಗಿಸಿ ಚೆಲ್ಲಿ. ನಾಲ್ಕೈದು ಸಲ ಹೀಗೆ ಮಾಡಿ, ಟೀ ಸೋಸುವ ಜಾಲರಿಯಲ್ಲಿ ಬಸಿಯಿರಿ. ಪೇಪರ್ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ, ತಟ್ಟೆಯೇ ಸರಿ. ಗಾಳಿಯಾಡುವ ನೆರಳಲ್ಲಿ ನಾಲ್ಕೈದು ದಿನ, ದಿನವೂ ಕೈಯಾಡಿಸಿ ಗಂಟು ಬಿಡಿಸಿ. ಮಡಚಿದರೆ ಬಾಗದೆ ಮುರಿಯಬೇಕು.

ತಳಿ, ತಿಂಗಳು, ವರ್ಷ ಬರೆದು ಬಿಗಿ ಮುಚ್ಚಳದ ಬಾಟಲಿಗೆ ತುಂಬಿ. ಬೇಕಾದರೆ ನಿಮ್ಮ ಬೂದಿಯನ್ನು ಇಲ್ಲಿ ಒಣಗಿಸಿ ಬೆರೆಸಿ, ತೇವ ಹೀರಿಕೊಳ್ಳುತ್ತದೆ. ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ವರ್ಷ ಬಾಳುತ್ತದೆ. ಹೊರತೆಗೆದಾಗ ಬಾಟಲಿಯ ತಣ್ಣಗು ಹೋಗುವವರೆಗೆ ಮುಚ್ಚಳ ತೆರೆಯಬೇಡಿ, ಇಲ್ಲದಿದ್ದರೆ ಒಳಗೆ ಬೆವರುತ್ತದೆ. ಬಿತ್ತುವ ಮುನ್ನ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ 14ಕ್ಕಿಂತ ಕಡಿಮೆ ಮೊಳೆತರೆ ಒತ್ತಾಗಿ ಬಿತ್ತಿ.