ಇಆರ್ 90%, ಪಿಆರ್ 10% ಅಂದರೆ ಏನು? ಪ್ರೊಜೆಸ್ಟರಾನ್ ಶತ್ರುವಾ, ಔಷಧಿಯಾ?

ನೀವು ತೀರ್ಥಹಳ್ಳಿ ಕಡೆಯವರು, ಅಮ್ಮನಿಗೆ 48 ವರ್ಷ, ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ ಅಂತ ಬರೆದಿದ್ದೀರಿ. ರಿಪೋರ್ಟ್‌ನಲ್ಲಿ ಇಆರ್ (ಈಸ್ಟ್ರೊಜೆನ್ ರಿಸೆಪ್ಟರ್) 90%, ಪಿಆರ್ (ಪ್ರೊಜೆಸ್ಟರಾನ್ ರಿಸೆಪ್ಟರ್) 10%, ಹರ್-2 (ಕೋಶ ಬೆಳೆಸುವ ಇನ್ನೊಂದು ಪ್ರೋಟೀನ್) ನೆಗೆಟಿವ್. ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎರಡೂ ಹೆಣ್ಣಿನ ಹಾರ್ಮೋನ್‌ಗಳು, ರಿಸೆಪ್ಟರ್ ಅಂದರೆ ಅವು ಬಂದು ಅಂಟಿಕೊಳ್ಳುವ ಕೋಶದೊಳಗಿನ ಪ್ರೋಟೀನ್. ಡಾಕ್ಟರ್ ಟ್ಯಾಮಾಕ್ಸಿಫೆನ್ ಅನ್ನುವ, ಸ್ತನದಲ್ಲಿ ಈಸ್ಟ್ರೊಜೆನ್ ಕೆಲಸ ತಡೆಯುವ ಮಾತ್ರೆ ಶುರು ಮಾಡಿದ್ದಾರೆ. ಪ್ರೊಜೆಸ್ಟರಾನ್‌ನಿಂದ ಕ್ಯಾನ್ಸರ್ ಬರುತ್ತದೆ ಅಂತ ಒಂದು ಕಡೆ ಓದಿದ್ದೀರಿ, ಅದನ್ನೇ ಔಷಧಿಯಾಗಿ ಕೊಡಬಹುದು ಅಂತ ಇನ್ನೊಂದು ಕಡೆ. ಯಾವುದನ್ನು ನಂಬಬೇಕು ಅನ್ನುವುದು ನಿಮ್ಮ ಪ್ರಶ್ನೆ.

ಎರಡರಲ್ಲೂ ನಿಜ ಇದೆ. ನಾನು ಶಿವಮೊಗ್ಗದಲ್ಲಿ ಪೆಥಾಲಜಿ ಲ್ಯಾಬ್ ಕೆಲಸದವಳು. ಚಿಕಿತ್ಸೆ ಕೊಡುವ ಡಾಕ್ಟರ್ ಅಲ್ಲ. ಆದರೆ ನಿಮ್ಮ ಕೈಯಲ್ಲಿರುವಂಥ ರಿಪೋರ್ಟ್‌ಗಳ ಹಿಂದಿನ ಸ್ಲೈಡ್‌ಗಳೇ ನನ್ನ ದಿನದ ಕೆಲಸ.

ಮೊದಲು ಆ ಅಂಕಿ ಎಲ್ಲಿಂದ ಬಂತು ಅಂತ ನೋಡೋಣ. ಗೆಡ್ಡೆಯ ತೆಳುವಾದ ಪದರಕ್ಕೆ ಒಂದು ಬಣ್ಣದ ಪರೀಕ್ಷೆ ಮಾಡುತ್ತೇವೆ. ಈಸ್ಟ್ರೊಜೆನ್ ರಿಸೆಪ್ಟರ್ ಇರುವ ಜೀವಕೋಶದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ. ಇಆರ್ 90% ಅಂದರೆ ನೂರು ಕ್ಯಾನ್ಸರ್ ಕೋಶಗಳಲ್ಲಿ ತೊಂಬತ್ತು ಕಂದಾಗಿವೆ. 1% ಇದ್ದರೂ ಪಾಸಿಟಿವ್ ಅಂತಲೇ ಲೆಕ್ಕ. ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು, ಸುಮಾರು 70%ಕ್ಕೂ ಜಾಸ್ತಿ, ಇಆರ್ ಪಾಸಿಟಿವ್ ಆಗಿರುತ್ತವೆ.

ಈಗ ಪಿಆರ್. ಇದು ಪ್ರೊಜೆಸ್ಟರಾನ್ ರಿಸೆಪ್ಟರ್. ಇದನ್ನು ತಯಾರಿಸುವ ಜೀನ್ ಇಆರ್‌ನ ಕೈಕೆಳಗೇ ಇದೆ. ಈಸ್ಟ್ರೊಜೆನ್ ಬಂದು ಇಆರ್‌ಗೆ ಅಂಟಿಕೊಂಡಾಗ ಇಆರ್ ಡಿಎನ್‌ಎ ಮೇಲೆ ಕೂತು ಹಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಪಿಆರ್ ಜೀನ್ ಅದರಲ್ಲೊಂದು. ಹಾಗಾಗಿ ಪಿಆರ್ ಚೆನ್ನಾಗಿದ್ದರೆ ಇಆರ್ ಬರೀ ಇರುವುದಲ್ಲ, ಕೆಲಸವನ್ನೂ ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಬಹಳ ವರ್ಷ ಡಾಕ್ಟರುಗಳು ಪಿಆರ್ ಅನ್ನು ಇಷ್ಟಕ್ಕೇ ನೋಡುತ್ತಿದ್ದರು, ಸಾಕ್ಷಿ ಹೇಳುವವನ ಹಾಗೆ.

2015ರಲ್ಲಿ ಕೇಂಬ್ರಿಜ್ ಮತ್ತು ಅಡಿಲೇಡ್‌ನ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಅದೇ. ಈಸ್ಟ್ರೊಜೆನ್ ಜೊತೆಗೆ ಪ್ರೊಜೆಸ್ಟರಾನ್ ಕೂಡ ಸಿಕ್ಕಾಗ ಪಿಆರ್ ಹೋಗಿ ಇಆರ್ ಜೊತೆ ಸೇರಿಕೊಳ್ಳುತ್ತದೆ. ಆಗ ಇಆರ್ ಡಿಎನ್‌ಎ ಮೇಲೆ ತಾನು ಕೂರುವ ಜಾಗಗಳನ್ನೇ ಬದಲಿಸುತ್ತದೆ. ಕಾಲುವೆ ನೀರನ್ನು ಒಂದು ಅಡಿಕೆ ತೋಟದಿಂದ ಪಕ್ಕದ ತೋಟಕ್ಕೆ ತಿರುಗಿಸಿದ ಹಾಗೆ. ನೀರು ಅದೇ, ಆದರೆ ನೆನೆಯುವ ಗಿಡಗಳು ಬೇರೆ. ಹೊಸದಾಗಿ ಚಾಲೂ ಆಗುವ ಜೀನ್‌ಗಳು ಕಾಯಿಲೆ ಅಷ್ಟು ಜೋರಾಗಿ ಮುಂದುವರಿಯದ ಗೆಡ್ಡೆಗಳಲ್ಲಿ ಕಾಣುವಂಥವು. ಇಲಿಗಳಲ್ಲಿ ಬೆಳೆಸಿದ ಗೆಡ್ಡೆಗೆ ಪ್ರೊಜೆಸ್ಟರಾನ್ ಕೊಟ್ಟಾಗ ಬೆಳವಣಿಗೆ ಕುಗ್ಗಿತು. ಟ್ಯಾಮಾಕ್ಸಿಫೆನ್ ಜೊತೆ ಕೊಟ್ಟಾಗ ಇನ್ನೂ ಕುಗ್ಗಿತು.

ಹಾಗಾದರೆ ಪಿಆರ್ ಕಡಿಮೆ ಅಂದರೆ? ಕೆಲವು ಗೆಡ್ಡೆಗಳಲ್ಲಿ ಪಿಆರ್ ಜೀನ್‌ನ ಪ್ರತಿಯೇ ಕಳೆದುಹೋಗಿರುತ್ತದೆ. ಕೆಲವದರಲ್ಲಿ ಕೋಶಕ್ಕೆ ಬೆಳೆಯಲು ಬೇರೆ ದಾರಿಗಳು ತೆರೆದುಕೊಂಡಿರುತ್ತವೆ. 20%ಗಿಂತ ಕಡಿಮೆ ಇದ್ದರೆ ಕಾಯಿಲೆಯ ಸ್ವಭಾವ ಸ್ವಲ್ಪ ಜೋರಿರಬಹುದು ಅಂತ ಡಾಕ್ಟರ್ ಕಿ-67 (ಕೋಶಗಳು ಎಷ್ಟು ಬೇಗ ಹೆಚ್ಚುತ್ತಿವೆ ಅನ್ನುವ ಅಳತೆ), ಗ್ರೇಡ್ (ಕೋಶಗಳ ರೂಪ ಎಷ್ಟು ಕೆಟ್ಟಿದೆ ಅನ್ನುವ ದರ್ಜೆ), ಕಂಕುಳಿನ ಗಂಟುಗಳನ್ನೂ ಸೇರಿಸಿ ನೋಡುತ್ತಾರೆ. ಆದರೆ ಅಮ್ಮನಿಗೆ ಇಆರ್ 90% ಇದೆ. ಟ್ಯಾಮಾಕ್ಸಿಫೆನ್‌ನಂಥ ಹಾರ್ಮೋನ್ ತಡೆಯುವ ಮಾತ್ರೆಗೆ ಅದು ಗಟ್ಟಿ ಆಧಾರ. ಪಿಆರ್ 10% ನೋಡಿ ಮಾತ್ರೆ ಕೆಲಸ ಮಾಡಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಪ್ರೊಜೆಸ್ಟರಾನ್ ಕ್ಯಾನ್ಸರ್ ತರುತ್ತದೆ ಅನ್ನುವ ಮಾತು ಎಲ್ಲಿಂದ ಬಂತು ಗೊತ್ತಾ? 2002ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಿದರು. ಮುಟ್ಟು ನಿಂತ ಹೆಂಗಸರಿಗೆ ಈಸ್ಟ್ರೊಜೆನ್ ಜೊತೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಕೊಟ್ಟಾಗ ಸ್ತನ ಕ್ಯಾನ್ಸರ್ ಹೆಚ್ಚಾಗಿತ್ತು. ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೊಜೆನ್ ತೆಗೆದುಕೊಂಡವರಲ್ಲಿ ಹಾಗೆ ಹೆಚ್ಚಾಗಲಿಲ್ಲ. ಆದರೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಂದರೆ ಪ್ರೊಜೆಸ್ಟರಾನ್ ತರಹ ಕೆಲಸ ಮಾಡುವ ಕೃತಕ ಔಷಧಿ. ಅದು ಪಿಆರ್‌ಗೆ ಮಾತ್ರ ಅಲ್ಲ, ಆಂಡ್ರೊಜೆನ್ (ಗಂಡು ಹಾರ್ಮೋನ್) ರಿಸೆಪ್ಟರ್‌ಗೂ ಕಾರ್ಟಿಸೋಲ್ (ಒತ್ತಡದ ಹಾರ್ಮೋನ್) ರಿಸೆಪ್ಟರ್‌ಗೂ ಅಂಟುತ್ತದೆ. ಇನ್ನೊಂದು ವಿಷಯ, ಆರೋಗ್ಯವಾಗಿರುವ ಸ್ತನದಲ್ಲಿ ಪ್ರೊಜೆಸ್ಟರಾನ್ ಕೋಶಗಳನ್ನು ಬೆಳೆಸುವುದೂ ನಿಜ. ಕ್ಯಾನ್ಸರ್ ಬರುವುದಕ್ಕೆ ಮುಂಚಿನ ಪರಿಣಾಮ ಬೇರೆ, ಬಂದ ಮೇಲೆ ಗೆಡ್ಡೆಯ ಒಳಗಿನ ಪರಿಣಾಮ ಬೇರೆ. ನೀವು ಓದಿದ ಎರಡು ಲೇಖನಗಳು ಎರಡು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿವೆ ಅಷ್ಟೆ.

ಔಷಧಿಯಾಗಿ ಪರೀಕ್ಷೆ ಮಾಡಿದ್ದು ನಮ್ಮ ದೇಶದಲ್ಲೂ ಉಂಟು. ಮುಂಬೈನ ಟಾಟಾ ಮೆಮೋರಿಯಲ್‌ನ ರಾಜೇಂದ್ರ ಬಡವೆ ಅವರ ತಂಡ ಆಪರೇಷನ್‌ಗೆ 5ರಿಂದ 14 ದಿನ ಮೊದಲು ಪ್ರೊಜೆಸ್ಟರಾನ್ ತರಹದ ಔಷಧಿ ಹೈಡ್ರಾಕ್ಸಿಪ್ರೊಜೆಸ್ಟರಾನ್ 500 ಮಿಲಿಗ್ರಾಂ ಒಂದೇ ಇಂಜೆಕ್ಷನ್ ಕೊಟ್ಟು ನೋಡಿತು. ಫಲಿತಾಂಶ 2011ರಲ್ಲಿ ಬಂತು. ಒಟ್ಟಾರೆ ನೋಡಿದರೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಕಂಕುಳಿನ ಗಂಟಿಗೆ ಹರಡಿದವರಲ್ಲಿ ಲಾಭದ ಸೂಚನೆ ಇತ್ತು. ಅಮ್ಮನಿಗೆ ಈಗಾಗಲೇ ಆಪರೇಷನ್ ಆಗಿರುವುದರಿಂದ ಇದನ್ನು ಕೇಳಿಕೊಂಡು ಹೋಗುವ ಪ್ರಶ್ನೆ ಬರುವುದಿಲ್ಲ. ಅಂಗಡಿಯಲ್ಲಿ ಸುಮ್ನೆ ಪ್ರೊಜೆಸ್ಟರಾನ್ ಮಾತ್ರೆ ತಂದು ಕೊಡುವುದಂತೂ ಖಂಡಿತ ಬೇಡ.

ಆಂಡ್ರೊಜೆನ್ ರಿಸೆಪ್ಟರ್ ಬಗ್ಗೆಯೂ ಕೇಳಿದ್ದೀರಿ. ಇಆರ್ ಪಾಸಿಟಿವ್ ಗೆಡ್ಡೆಗಳಲ್ಲಿ ಸಾಮಾನ್ಯವಾಗಿ ಅದೂ ಇರುತ್ತದೆ, ಇಆರ್‌ಗೆ ಬೇಕಾದ ಸಹಾಯಕ ಪ್ರೋಟೀನ್‌ಗಳನ್ನು ತನ್ನ ಕಡೆ ಎಳೆದುಕೊಂಡು ಬೆಳವಣಿಗೆಯನ್ನು ತಡೆಯುತ್ತದೆ. 2021ರಲ್ಲಿ ಅಡಿಲೇಡ್ ತಂಡ ಇದನ್ನು ತೋರಿಸಿತು. ಇಆರ್ ಇಲ್ಲದ ಕೆಲವು ಗೆಡ್ಡೆಗಳಲ್ಲಿ ಮಾತ್ರ ಅದೇ ರಿಸೆಪ್ಟರ್ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ. ಜೊತೆಗೆ ಯಾರಿದ್ದಾರೆ ಅನ್ನುವುದರ ಮೇಲೆ ಸ್ವಭಾವವೇ ಬದಲಾಗುತ್ತದೆ, ನೋಡಿ. ಅಮ್ಮನ ರಿಪೋರ್ಟ್‌ನಲ್ಲಿ ಅದು ಇಲ್ಲ ಅಂತ ಗಾಬರಿ ಬೇಡ. ಎಲ್ಲರಿಗೂ ಮಾಡುವ ಪರೀಕ್ಷೆ ಅಲ್ಲ ಅದು.

ಟ್ಯಾಮಾಕ್ಸಿಫೆನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಸ್ತನದಲ್ಲಿ ಅದು ಇಆರ್ ಅನ್ನು ತಡೆಯುತ್ತದೆ, ಗರ್ಭಕೋಶದಲ್ಲಿ ಅದೇ ಇಆರ್ ಅನ್ನು ಸ್ವಲ್ಪ ಚುರುಕು ಮಾಡುತ್ತದೆ. ಹಾಗಾಗಿ ಮುಟ್ಟಿನ ಸಮಯ ಬಿಟ್ಟು ರಕ್ತ ಕಂಡರೆ ಕೂಡಲೇ ತಿಳಿಸಿ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಮಾತ್ರೆಗಳು ಲಿವರ್‌ನಲ್ಲಿ ಟ್ಯಾಮಾಕ್ಸಿಫೆನ್ ಚುರುಕಾದ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ಅಂಥದ್ದೇನಾದರೂ ನಡೆಯುತ್ತಿದ್ದರೆ ಡಾಕ್ಟರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ನಮ್ಮ ಮಲೆನಾಡಿನಲ್ಲಿ ಮರದ ಚಕ್ಕೆಯ ಕಷಾಯ ಕುಡಿಸುವವರು ಬಹಳ. ಕುಡಿಸುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಕಷಾಯ ನಂಬಿ ಮಾತ್ರೆ ಬಿಡುವುದು ನನಗೆ ತುಂಬಾ ಸಂಕಟ ಕೊಡುವ ವಿಷಯ, ಯಾಕೆಂದರೆ ಇಷ್ಟು ಒಳ್ಳೆಯ ಇಆರ್ ಇದ್ದವರಿಗೆ ಮಾತ್ರೆಯಿಂದ ಸಿಗುವ ರಕ್ಷಣೆ ದೊಡ್ಡದು.

ಕೊನೆಗೆ ಒಂದು ಕೆಲಸ ಮಾಡಿ. ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯನ್ನು ಒಂದು ಗಂಟೆಯೊಳಗೆ ಆಸ್ಪತ್ರೆಯವರು ಫಾರ್ಮಲಿನ್‌ಗೆ (ಕೆಡದಂತೆ ಇಡುವ ದ್ರಾವಣ) ಹಾಕಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಚಿಕ್ಕ ಊರಿನಿಂದ ಡಬ್ಬ ಬಸ್ಸಿನಲ್ಲಿ ಬರುವಾಗ ಇದು ತಪ್ಪಬಹುದು, ಆಗ ಪಿಆರ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಗೆಡ್ಡೆಯ ಪಕ್ಕದ ಆರೋಗ್ಯವಾದ ನಾಳಗಳು ಚೆನ್ನಾಗಿ ಕಂದಾಗಿದ್ದವಾ ಅಂತ ಲ್ಯಾಬ್‌ನಲ್ಲಿ ಕೇಳಿ. ಅನುಮಾನ ಇದ್ದರೆ ಪ್ಯಾರಾಫಿನ್ ಬ್ಲಾಕ್ (ಗೆಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿಟ್ಟ ಗಟ್ಟಿ) ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿಯಲ್ಲೋ ಮಣಿಪಾಲದಲ್ಲೋ ಇನ್ನೊಮ್ಮೆ ನೋಡಿಸಬಹುದು. ಬ್ಲಾಕ್ ಕೇಳುವ ಹಕ್ಕು ನಿಮಗಿದೆ. ಬರೀ ರಿಪೋರ್ಟ್ ಹಾಳೆ ಹಿಡಿದುಕೊಂಡು ಹೋದರೆ ಅವರಿಗೆ ಮತ್ತೆ ಬಣ್ಣ ಹಾಕಿ ನೋಡಲು ಏನೂ ಇರುವುದಿಲ್ಲ.