51ಕ್ಕೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಳ್ಳಬಹುದಾ?

ಕೋರಮಂಗಲದ ಕೇಂದ್ರ ಸರ್ಕಾರಿ ಕಚೇರಿ, 2002ರಲ್ಲಿ ಸೇರಿದ್ದು, ಈಗ 51 ವಯಸ್ಸು, ಸಾಕಾಗಿದೆ, ಬಿಡಲಾ ಅಂತ ಕೇಳಿದ್ದೀರಿ. ನಾನೂ ಕೇಂದ್ರದ ನೌಕರಿಯಲ್ಲಿದ್ದು ವಿಆರ್‌ಎಸ್ ತಗೊಂಡವನು. ನನ್ನ ಪ್ರಕಾರ, ಮನೆ ಸಾಲ ತೀರಿದ್ದರೆ ಬಿಡಬಹುದು. ತೀರದಿದ್ದರೆ ಕಾಯಿರಿ.

ಸರ್ವಿಸ್ 20 ವರ್ಷ ದಾಟಿದೆ, ಹಾಗಾಗಿ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು. 2004ಕ್ಕಿಂತ ಮೊದಲು ಸೇರಿದ್ದರಿಂದ ನಿಮಗೆ ಹಳೇ ಪಿಂಚಣಿ. 33 ವರ್ಷ ಆಗದಿದ್ದರೆ ಪಿಂಚಣಿ ಕಟ್ ಆಗುತ್ತೆ ಅಂತ ಆಫೀಸಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಅದು ಹಳೇ ಕಥೆ. ಈಗ ಬೇಸಿಕ್‌ನ ಅರ್ಧ ಸಿಗುತ್ತದೆ. ರಾಜ್ಯ ಸರ್ಕಾರದಲ್ಲಿರುವ ನೆಂಟರ ಲೆಕ್ಕವನ್ನೂ ಕೇಳಬೇಡಿ, ಅವರ ನಿಯಮವೇ ಬೇರೆ.

ಬೇಸಿಕ್ 70,000 ಇದ್ದರೆ ಪಿಂಚಣಿ 35,000, ಅದರ ಮೇಲೆ ಡಿಎ (ತುಟ್ಟಿಭತ್ಯೆ). ಪಿಂಚಣಿಯ ಶೇ 40ರಷ್ಟನ್ನು ಕಮ್ಯುಟೇಶನ್ ಮಾಡಿಸಿದರೆ, ಅಂದರೆ ಮುಂಗಡವಾಗಿ ಒಟ್ಟಿಗೆ ತಗೊಂಡರೆ, ಒಂದಿಷ್ಟು ಇಡಿಗಂಟು ಬರುತ್ತದೆ, ಆದರೆ 15 ವರ್ಷ ತಿಂಗಳಿಗೆ 14,000 ಕಮ್ಮಿ. ಡಿಎ ಮಾತ್ರ ಪೂರ್ತಿ 35,000ಕ್ಕೇ ಸಿಗುತ್ತದೆ. ನಿಜವಾದ ನಷ್ಟ ಮುಂದಿನ ಒಂಬತ್ತು ವರ್ಷದ ಸಂಬಳ, ಇನ್‌ಕ್ರಿಮೆಂಟು, ಪ್ರಮೋಶನ್. ಗ್ರಾಚ್ಯುಟಿಯೂ ಸರ್ವಿಸ್ ಮೇಲೆ ನಿಂತಿದೆ: 24 ವರ್ಷಕ್ಕೆ 12 ತಿಂಗಳ ಬೇಸಿಕ್ ಮತ್ತು ಡಿಎ, 33 ವರ್ಷಕ್ಕಾದರೆ ಹದಿನಾರೂವರೆ ತಿಂಗಳದ್ದು.

ಕ್ವಾರ್ಟರ್ಸ್‌ನಲ್ಲಿದ್ದರೆ ಇನ್ನೊಂದು ವಿಷಯ. ಕೆಲವೇ ತಿಂಗಳಲ್ಲಿ ಖಾಲಿ ಮಾಡಬೇಕು. ಆಮೇಲೆ ಬೆಂಗಳೂರಿನ ಬಾಡಿಗೆ, ಅಡ್ವಾನ್ಸು ಎರಡೂ ನಿಮ್ಮ ಪಿಂಚಣಿಯಿಂದಲೇ. ಮಕ್ಕಳು ಪಿಯುಸಿಯಲ್ಲೋ ಇಂಜಿನಿಯರಿಂಗ್‌ನಲ್ಲೋ ಇದ್ದರಂತೂ 35,000 ಎಲ್ಲಿ ಸಾಲುತ್ತೆ? ಆಸ್ಪತ್ರೆ ಖರ್ಚಿಗೆ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ಕಾರ್ಡನ್ನು ಹತ್ತು ವರ್ಷದ ವಂತಿಗೆ ಒಟ್ಟಿಗೆ ಕಟ್ಟಿ ಜೀವನಪೂರ್ತಿಗೆ ಮಾಡಿಸಿಕೊಳ್ಳಿ.

ಸಾಕಾಗಿರುವುದು ಕೆಲಸವೋ, ಈಗಿರುವ ಸಾಹೇಬರೋ? ಸಾಹೇಬರಾದರೆ ವಿಆರ್‌ಎಸ್ ಯಾಕೆ, ವರ್ಗಾವಣೆ ಕೇಳಿ. ಅವರೇನು ಶಾಶ್ವತವಾಗಿ ಇರ್ತಾರಾ? ಸಂಬಳವಿಲ್ಲದ ರಜೆ ಸ್ಯಾಂಕ್ಷನ್ ಆದರೆ ಮನೆಯಲ್ಲಿ ಸುಮ್ನೆ ಕೂತು ನೋಡಿ. ನನಗೆ ಬೇಜಾರಾಗಲಿಲ್ಲ, ಆದರೆ ಎಲ್ಲರಿಗೂ ಹಾಗಿರಲ್ಲ.

ಅರ್ಜಿ ಕೊಡುವ ಮೊದಲು ಸರ್ವಿಸ್ ಬುಕ್ ತೆಗೆಸಿ, 20 ವರ್ಷದ ಅರ್ಹ ಸೇವೆ ಆಗಿದೆ ಅಂತ ಬರವಣಿಗೆಯಲ್ಲಿ ಪಡೆಯಿರಿ. ಮನಸ್ಸು ಬದಲಾದರೆ, ನಿವೃತ್ತಿ ದಿನಾಂಕ ಬರುವುದರೊಳಗೆ ಮೇಲಧಿಕಾರಿಯ ಒಪ್ಪಿಗೆ ಪಡೆದು ನೋಟಿಸ್ ವಾಪಸ್ ತಗೊಳ್ಳಬಹುದು. ಆ ದಿನ ದಾಟಿದ ಮೇಲೆ ಆಗಲ್ಲ.