ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಬರ್ತಿದೆ, ಬೇಡ ಅಂತ ಲೇಔಟಿನವರು ಅರ್ಜಿ ಕೊಡ್ತಿದ್ದಾರೆ. ನಮ್ಮ ಮನೆಯಿಂದ ಮೆಟ್ರೋಗೆ ನಡೆದು ಹೋಗಬಹುದು. ಅಪಾರ್ಟ್‌ಮೆಂಟ್ ಬೇಕಾ, ಶಾಂತಿ ಬೇಕಾ ಅನ್ನೋದೇ ಪ್ರಶ್ನೆ. ನಾನೂ ಸಹಿ ಹಾಕಲೇ?

ಹಾಕಬೇಡಿ. 2012ರಲ್ಲಿ ಇಂಥದೇ ಅರ್ಜಿ ಬರೆದವನು ನಾನು. ಸಂಘದ ಕಾರ್ಯದರ್ಶಿಯಾಗಿದ್ದೆ. ಮನೆಮನೆ ಸುತ್ತಿ 140 ಸಹಿ ಹಾಕಿಸಿದ್ದೆ.

ನಮ್ಮದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ. 2007ರಲ್ಲಿ ಆಗಿನ ನಗರಪಾಲಿಕೆ ಬಿಬಿಎಂಪಿಗೆ ಸೇರಿಸಿದ 110 ಹಳ್ಳಿಗಳಲ್ಲಿ ಒಂದು. ಹೆಸರಿಗೆ ಸಿಟಿ, ಆದರೆ ಆಗ ಕಾವೇರಿ ನೀರೂ ಇರಲಿಲ್ಲ, ಒಳಚರಂಡಿಯೂ ಇರಲಿಲ್ಲ. ಲೇಔಟ್ ಪಕ್ಕದಲ್ಲಿ ಎರಡು ಎಕರೆ ಸಪೋಟ ತೋಟ. ಅಲ್ಲಿ ಒಂಬತ್ತು ಮಹಡಿ, 120 ಫ್ಲ್ಯಾಟ್ ಬರುತ್ತವೆ ಅಂತ ಗೊತ್ತಾಯಿತು. ಬಿಸಿಲು ಹೋಗುತ್ತೆ, ಬಾಲ್ಕನಿಯಿಂದ ನಮ್ಮ ಅಡುಗೆಮನೆ ಕಾಣುತ್ತೆ, ಬೋರ್‌ವೆಲ್ ಬತ್ತುತ್ತೆ ಅಂತ ಎಲ್ಲರೂ ಕೂಗಾಡಿದೆವು.

ನನ್ನ ತಪ್ಪು ಎಲ್ಲಿ ಅಂದರೆ, ಬಿಲ್ಡರ್ ನಮ್ಮ ಮೀಟಿಂಗಿಗೆ ಬಂದಿದ್ದ. 25 ಅಡಿ ರಸ್ತೆಯನ್ನು 40 ಅಡಿ ಮಾಡಲು ಜಾಗ ಬಿಡ್ತೀನಿ, ಕೊಳಚೆ ನೀರು ಶುದ್ಧ ಮಾಡುವ ಘಟಕ (ಎಸ್‌ಟಿಪಿ) ಹಾಕ್ತೀನಿ, ಮೋರಿ ಸರಿ ಮಾಡಿಸ್ತೀನಿ ಅಂದ. ಬರೆದುಕೊಳ್ಳಲು ನನ್ನ ಕೈಯಲ್ಲಿ ಪೆನ್ನಿತ್ತು. ಬರೆದುಕೊಂಡರೆ ಒಪ್ಪಿಗೆ ಕೊಟ್ಟಂತೆ ಅಂತ ಮುಚ್ಚಿಟ್ಟೆ. 'ಕೊಡ್ತೀನಿ ಅಂದಿದ್ದನ್ನ ಬರೆಸ್ಕೊಳ್ರೀ' ಅಂತ ನನ್ನ ಹೆಂಡತಿ ಪಿಸುಗುಟ್ಟಿದಳು. ಕೇಳಲಿಲ್ಲ. ಅವನು ದೊಡ್ಡ ಮನಸ್ಸಿನಿಂದ ಹೇಳಿದ್ದಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಇಲ್ಲಿ ಎಷ್ಟು ಕಟ್ಟಬಹುದು ಅನ್ನೋದು ಎಫ್‌ಎಆರ್ ಲೆಕ್ಕ, ಅಂದರೆ ಎಲ್ಲ ಮಹಡಿ ಸೇರಿ ಜಾಗದ ಎಷ್ಟು ಪಟ್ಟು ಕಟ್ಟಬಹುದು ಅನ್ನೋದು. ಜಾಗದ ಅಳತೆ, ಮುಂದಿನ ರಸ್ತೆಯ ಅಗಲ ನೋಡಿ ಅದು ಸಿಗುತ್ತದೆ. ಅಗಲ ರಸ್ತೆ ನಮಗಿಂತ ಜಾಸ್ತಿ ಅವನಿಗೇ ಬೇಕಿತ್ತು! ನಮ್ಮ ಕೈಯಲ್ಲಿದ್ದ ಜುಟ್ಟು ಅದೊಂದೇ. ಅದನ್ನು ಬಿಟ್ಟು, ಅರ್ಜಿಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೀ 'ಮಹಡಿ ಬೇಡ' ಅಂತ ಬರೆದೆ. ಮೋರಿ ಅನ್ನೋ ಪದವೇ ಅದರಲ್ಲಿರಲಿಲ್ಲ.

ಒಂದೂವರೆ ವರ್ಷ ಎಳೆದಾಡಿದೆವು. ಬಿಲ್ಡರ್ ಬೇಸತ್ತು ಹೋದ. ನಾವು ಪೇಡ ಹಂಚಿದೆವು.

ತೋಟದ ಮಾಲೀಕರು ಸುಮ್ನೆ ಕೂರುತ್ತಾರಾ? 30x40 ಅಡಿಯ ನಲವತ್ತು ರೆವೆನ್ಯೂ ಸೈಟು, ಅಂದರೆ ಲೇಔಟ್ ಮಂಜೂರಾತಿ ಇಲ್ಲದ ಸೈಟು, ಮಾಡಿ ಮಾರಿದರು. ಒಂದೊಂದರ ಮೇಲೂ ನಾಲ್ಕು ಮಹಡಿ, ಐದು ಮಹಡಿ. ಹನ್ನೊಂದು ಪಿಜಿ. ಗೋಡೆಗೆ ಗೋಡೆ ಅಂಟಿವೆ, ಸುತ್ತ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್) ಅನ್ನೋದು ಕಾಗದದಲ್ಲೂ ಇಲ್ಲ. ಇಷ್ಟು ಸಣ್ಣ ಕಟ್ಟಡಕ್ಕೆ ಎಸ್‌ಟಿಪಿ ಕಡ್ಡಾಯವೂ ಅಲ್ಲ. ಅಪಾರ್ಟ್‌ಮೆಂಟ್ ಆಗಿದ್ದರೆ ನಾನೂರೋ ಐನೂರೋ ಜನ. ಈಗ ಸಾವಿರದ ಮೇಲಿದ್ದಾರೆ. ಬೋರ್‌ವೆಲ್ ಹೇಗೂ ಬತ್ತಿತು. 2024ರ ಮಾರ್ಚಿನಲ್ಲಿ ಟ್ಯಾಂಕರ್ ಬಂದರೆ ಸ್ಕೂಲ್ ವ್ಯಾನ್ ಹಿಂದೆ ಹೋಗಬೇಕಿತ್ತು. ರಸ್ತೆ ಇನ್ನೂ 25 ಅಡಿಯೇ.

ಹಾಗಾಗಿ 'ಅಪಾರ್ಟ್‌ಮೆಂಟ್ ಬೇಕಾ, ಶಾಂತಿ ಬೇಕಾ' ಅನ್ನೋ ನಿಮ್ಮ ಪ್ರಶ್ನೆಯೇ ತಪ್ಪು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ. 2021ರಲ್ಲಿ ಜನಗಣತಿ ಆಗಲಿಲ್ಲ ಅಂತ ಜನ ಬರೋದು ನಿಂತಿತಾ? ಅವರು ಎಲ್ಲೋ ಮಲಗಲೇಬೇಕಲ್ವಾ? ನಿಮ್ಮ ಮನೆಯಿಂದ ಮೆಟ್ರೋಗೆ ನಡೆದು ಹೋಗಬಹುದು ಅಂತ ಬೇರೆ ಬರೆದಿದ್ದೀರಿ. ಆ ಜಾಗ ಖಾಲಿ ಉಳಿಯುವ ಮಾತೇ ಇಲ್ಲ.

ಮೀಟಿಂಗಿಗೆ ಹೋಗಿ. ರಸ್ತೆಗೆ ಎಷ್ಟು ಅಡಿ ಬಿಡ್ತೀರಿ, ಮಳೆನೀರು ಯಾವ ಮೋರಿಗೆ, ಕೊಳಚೆ ಎಲ್ಲಿಗೆ, ಕಾವೇರಿ ನೀರಿನ ಯೋಜನೆಯ ಐದನೇ ಹಂತದ ಸಂಪರ್ಕಕ್ಕೆ ಅರ್ಜಿ ಹಾಕಿದ್ದೀರಾ ಅಂತ ಕೇಳಿ. ಹೇಳಿದ್ದನ್ನೆಲ್ಲ ಬರೆಸಿ ಸಹಿ ಮಾಡಿಸಿಕೊಳ್ಳಿ. ಮಹಡಿ ಎಣಿಸಬೇಡಿ.

ಪತ್ರದ ಕರಡು ಬೇಕಿದ್ದರೆ ಕೇಳಿ, ಬರೆದುಕೊಡ್ತೀನಿ. ನನ್ನ ಹಳೇ ಅರ್ಜಿ ಮಾತ್ರ ಕೇಳಬೇಡಿ.